ಅಮೆರಿಕದ ಕೃಷಿ ಸಹಾಯಧನ: ಒಂದು ಕೌಂಟಿಯಲ್ಲಿ ಅದು ಯಾರ ಕೈ ಸೇರುತ್ತದೆ?

ಬೇಸಾಯವು ಮಳೆ ಮತ್ತು ಮಾರುಕಟ್ಟೆ ಎರಡನ್ನೂ ನಂಬಿ ನಡೆಯುವ ಕಸುಬು. ಮಳೆ ಕೈಕೊಟ್ಟರೆ ಬೆಳೆ ಇಲ್ಲ. ಬೆಳೆ ಹುಲುಸಾಗಿ ಬಂದರೆ ಬೆಲೆ ಇಲ್ಲ. ಈ ಎರಡು ಸಂಕಟಗಳಿಂದ ರೈತನನ್ನು ಪಾರುಮಾಡುವ ಸಲುವಾಗಿ ಹಲವು ದೇಶಗಳ ಸರ್ಕಾರಗಳು ಒಂದಲ್ಲ ಒಂದು ರೂಪದಲ್ಲಿ ಸಹಾಯಧನ ನೀಡುತ್ತವೆ. ಸಹಾಯಧನ ಎಷ್ಟು ಎಂಬುದರ ಬಗ್ಗೆ ಎಲ್ಲೆಡೆ ಚರ್ಚೆ ನಡೆಯುತ್ತದೆ. ಆದರೆ ಆ ಹಣ ಹಳ್ಳಿಗೆ ಬಂದ ಮೇಲೆ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರೈತರಿಗೆ ನೇರ ಹಣ ನೀಡುವ ಪದ್ಧತಿ 1933ರಲ್ಲಿ ಪ್ರಾರಂಭವಾಯಿತು. ತೊಂಬತ್ತು ವರ್ಷಗಳಿಗೂ ಮೀರಿದ ಈ ಅನುಭವದಿಂದ ತಿಳಿಯಬೇಕಾದ ಪಾಠಗಳು ಹಲವು. ಅಲ್ಲಿ ಬಹುತೇಕ ರಾಜ್ಯಗಳನ್ನು ಕೌಂಟಿಗಳಾಗಿ ವಿಂಗಡಿಸಿದ್ದಾರೆ. ಕೌಂಟಿ ಎಂದರೆ ಹೆಚ್ಚು ಕಡಿಮೆ ನಮ್ಮ ತಾಲ್ಲೂಕಿಗೆ ಹೋಲಿಸಬಹುದಾದ ಆಡಳಿತ ಘಟಕ. ರೈತರು ಅರ್ಜಿ ಕೊಡುವುದು, ದಾಖಲೆ ಇಡುವುದು, ಹಣ ಮಂಜೂರಾಗುವುದು ಎಲ್ಲವೂ ಬಹುಮಟ್ಟಿಗೆ ಕೌಂಟಿ ಕಚೇರಿಯ ಮೂಲಕವೇ. ಆದುದರಿಂದ ಸಹಾಯಧನದ ನಿಜವಾದ ಚಿತ್ರ ರಾಜಧಾನಿಯಲ್ಲಿ ಕಾಣುವುದಕ್ಕಿಂತ ಕೌಂಟಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಈ ಲೇಖನದಲ್ಲಿ ಅರ್ಕಾನ್ಸಾ ರಾಜ್ಯದ ಪಾಯಿನ್ಸೆಟ್ ಎಂಬ ಕೌಂಟಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಅರ್ಕಾನ್ಸಾ ಅಮೆರಿಕದಲ್ಲಿ ಅತಿ ಹೆಚ್ಚು ಭತ್ತ ಬೆಳೆಯುವ ರಾಜ್ಯ. ಪಾಯಿನ್ಸೆಟ್ ಆ ರಾಜ್ಯದ ಪ್ರಮುಖ ಭತ್ತದ ಕೌಂಟಿಗಳಲ್ಲಿ ಒಂದು. 2020ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ ಸುಮಾರು 23,000. ಈಗ ಇಲ್ಲಿ ಭತ್ತ, ಸೋಯಾ ಅವರೆ, ಹತ್ತಿ ಮತ್ತು ಮುಸುಕಿನ ಜೋಳದ ದೊಡ್ಡ ದೊಡ್ಡ ಹಿಡುವಳಿಗಳಿವೆ. 1930ರ ದಶಕದಲ್ಲಿ ಮಾತ್ರ ಇದು ಹತ್ತಿಯ ಸೀಮೆಯಾಗಿತ್ತು, ಪಾಲಿಗೆ ದುಡಿಯುವ ಬಡ ಒಕ್ಕಲುಗಳ ಸೀಮೆಯಾಗಿತ್ತು.

1933: ಬೆಳೆದ ಹತ್ತಿಯನ್ನು ಉತ್ತು ಹಾಕಿದ ವರ್ಷ

1929ರ ನಂತರ ಬಂದ ಆರ್ಥಿಕ ಮುಗ್ಗಟ್ಟಿನಲ್ಲಿ ಹತ್ತಿಯ ಬೆಲೆ ಪಾತಾಳ ಕಂಡಿತು. ಪೌಂಡಿಗೆ ಸುಮಾರು 17 ಸೆಂಟು ಇದ್ದುದು 1932ರ ವೇಳೆಗೆ 6 ಸೆಂಟಿನ ಆಸುಪಾಸಿಗೆ ಇಳಿಯಿತು. ಉಗ್ರಾಣಗಳಲ್ಲಿ ಹತ್ತಿ ತುಂಬಿತ್ತು, ಕೊಳ್ಳುವವರಿರಲಿಲ್ಲ. ಅಧ್ಯಕ್ಷ ರೂಸ್‌ವೆಲ್ಟರ ಸರ್ಕಾರ 1933ರ ಮೇ ತಿಂಗಳಲ್ಲಿ ಕೃಷಿ ಹೊಂದಾಣಿಕೆ ಕಾಯಿದೆಯನ್ನು ಜಾರಿಗೆ ತಂದಿತು. ಕಾಯಿದೆಯ ತಿರುಳು ಸರಳವಾದುದು: ಉತ್ಪಾದನೆ ಕಡಿಮೆ ಮಾಡಬೇಕು, ಆಗ ಬೆಲೆ ಏರುತ್ತದೆ, ಬಿತ್ತದೆ ಬಿಟ್ಟ ಭೂಮಿಗೆ ಸರ್ಕಾರ ಹಣ ಕೊಡಬೇಕು.

ಕಾಯಿದೆ ಬರುವ ಹೊತ್ತಿಗಾಗಲೇ ಹತ್ತಿಯ ಬಿತ್ತನೆ ಮುಗಿದಿತ್ತು. ಆದುದರಿಂದ ಆ ಬೇಸಿಗೆಯಲ್ಲಿ ಸುಮಾರು ಒಂದು ಕೋಟಿ ಎಕರೆಯಲ್ಲಿ ಬೆಳೆದು ನಿಂತ ಹತ್ತಿಯನ್ನು ರೈತರು ಹಣ ಪಡೆದು ಉತ್ತು ಹಾಕಿದರು. 1934 ಮತ್ತು 1935ರ ಸಾಲಿಗೆ ಹೊಸ ಒಪ್ಪಂದ ಬಂದಿತು. ಹತ್ತಿಯ ಭೂಮಿಯಲ್ಲಿ ಗಣನೀಯ ಭಾಗವನ್ನು ಬಿತ್ತದೆ ಬಿಟ್ಟರೆ ಅದಕ್ಕೆ ಎರಡು ಬಗೆಯ ಪಾವತಿ ದೊರೆಯುತ್ತಿತ್ತು.

1. ಬಿಟ್ಟ ಭೂಮಿಯ ಬಾಡಿಗೆ: ಆ ಭೂಮಿಯ ಸರಾಸರಿ ಇಳುವರಿಯ ಲೆಕ್ಕದಲ್ಲಿ ಪೌಂಡಿಗೆ 3.5 ಸೆಂಟು.

2. ಸಮತೆ ಪಾವತಿ: ನಿಗದಿಯಾದ ಪ್ರಮಾಣದ ಹತ್ತಿಗೆ ಪೌಂಡಿಗೆ 1 ಸೆಂಟು.

ಪಾಲುಗಾರನಿಗೆ ಇದರಲ್ಲಿ ಸಿಕ್ಕಿದ್ದೆಷ್ಟು? ಮೊದಲನೆಯ ಪಾವತಿ ಪೂರ್ತಿಯಾಗಿ ಭೂಮಾಲೀಕನದು. ಎರಡನೆಯದರಲ್ಲಿ ಅರ್ಧ ಮಾತ್ರ ಪಾಲುಗಾರನದು, ಅಂದರೆ ಪೌಂಡಿಗೆ ಅರ್ಧ ಸೆಂಟು. ಬೆಳೆ ಬಂದಾಗ ಅರ್ಧ ಪಾಲು ಪಡೆಯುತ್ತಿದ್ದವನಿಗೆ ಬೆಳೆ ಬಿಟ್ಟಾಗ ಸಿಕ್ಕಿದ್ದು ಇಷ್ಟೇ. ಆ ಅರ್ಧ ಸೆಂಟು ಕೂಡ ಮಾಲೀಕನ ಕೈಯಿಂದಲೇ ಬರಬೇಕಾಗಿತ್ತು. ಹಿಂದಿನ ಸಾಲವೆಂದು ಮುರಿದುಕೊಂಡರೆ ಪಾಲುಗಾರನಿಗೆ ಬರಿಗೈ.

ಇನ್ನೂ ದೊಡ್ಡ ಕಷ್ಟ ಬೇರೆಯೇ ಇತ್ತು. ಸಾಗುವಳಿ ಭೂಮಿ ಕಡಿಮೆಯಾದಂತೆ ದುಡಿಯುವ ಕೈಗಳೂ ಕಡಿಮೆ ಸಾಕಾದವು. ಪಾಲುಗಾರನನ್ನು ಬಿಡಿಸಿ ಅವನನ್ನೇ ದಿನಗೂಲಿಗೆ ಇಟ್ಟುಕೊಂಡರೆ ಸರ್ಕಾರದ ಪಾವತಿಯಲ್ಲಿ ಪಾಲು ಕೊಡುವ ಅಗತ್ಯವೂ ಇರಲಿಲ್ಲ. ಒಕ್ಕಲುಗಳ ಸಂಖ್ಯೆಯನ್ನು 'ಸಾಧ್ಯವಾದಮಟ್ಟಿಗೆ' ಹಿಂದಿನಂತೆಯೇ ಉಳಿಸಿಕೊಳ್ಳಬೇಕೆಂದು ಒಪ್ಪಂದದ 7ನೇ ಕಲಮು ಹೇಳುತ್ತಿತ್ತು. ಆದರೆ 'ಸಾಧ್ಯವಾದಮಟ್ಟಿಗೆ' ಎಂಬ ಒಂದು ಮಾತು ಇಡೀ ರಕ್ಷಣೆಯನ್ನು ಸಡಿಲಗೊಳಿಸಿತು. ಬಿಡಿಸಿದ ಒಕ್ಕಲು ದೂರು ಕೊಡಬೇಕಾಗಿದ್ದುದು ಕೌಂಟಿಯ ಸಮಿತಿಗೆ. ಆ ಸಮಿತಿಯಲ್ಲಿ ಭೂಮಾಲೀಕರದೇ ಮೇಲುಗೈ.

ಟೈರಾಂಜದ ಶಾಲಾಮನೆ

ಪಾಯಿನ್ಸೆಟ್ ಕೌಂಟಿಯ ಟೈರಾಂಜ ಎಂಬ ಸಣ್ಣ ಊರಿನ ಬಳಿ ಒಂದು ದೊಡ್ಡ ಹತ್ತಿ ಹಿಡುವಳಿಯಲ್ಲಿ 23 ಕುಟುಂಬಗಳನ್ನು ಬಿಡಿಸಿದರು. 1934ರ ಜುಲೈ ತಿಂಗಳಲ್ಲಿ ಅಲ್ಲಿಯ ಒಂದು ಶಾಲಾಮನೆಯಲ್ಲಿ 11 ಮಂದಿ ಬಿಳಿಯರೂ 7 ಮಂದಿ ಕಪ್ಪು ವರ್ಣದವರೂ ಸೇರಿ ದಕ್ಷಿಣ ಗೇಣಿದಾರ ರೈತರ ಸಂಘವನ್ನು ಕಟ್ಟಿದರು. ಊರಿನಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದ ಎಚ್. ಎಲ್. ಮಿಚೆಲ್ ಮತ್ತು ಪಕ್ಕದಲ್ಲೇ ಪೆಟ್ರೋಲು ಮಾರುತ್ತಿದ್ದ ಕ್ಲೇ ಈಸ್ಟ್ ಇಬ್ಬರೂ ಇದರ ಮುಂದಾಳುಗಳು. ಬಿಳಿಯರೂ ಕಪ್ಪು ವರ್ಣದವರೂ ಒಂದೇ ಬೆಂಚಿನಲ್ಲಿ ಕೂರುವುದೇ ಆ ಕಾಲದಲ್ಲಿ ಅಪರಾಧವೆನಿಸಿದ್ದ ಸೀಮೆಯಲ್ಲಿ ಇದು ಸಣ್ಣ ಸಾಹಸವಲ್ಲ. ಸಂಘದವರ ಮೇಲೆ ಹಲ್ಲೆಗಳಾದವು. ಸಂಘದ ಕಚೇರಿಯನ್ನು ನದಿಯಾಚೆಯ ಮೆಂಫಿಸ್ ನಗರಕ್ಕೆ ಸಾಗಿಸಬೇಕಾಯಿತು.

ಸಂಘದವರ ಬೇಡಿಕೆ ಸ್ಪಷ್ಟವಾಗಿತ್ತು. ಸರ್ಕಾರದ ಹಣದಲ್ಲಿ ದುಡಿಯುವವನ ಪಾಲನ್ನು ಅವನ ಕೈಗೇ ನೇರವಾಗಿ ಕೊಡಬೇಕು. ಹಣದ ಆಸೆಗೆ ಒಕ್ಕಲನ್ನು ಬಿಡಿಸಬಾರದು. ಕೃಷಿ ಹೊಂದಾಣಿಕೆ ಆಡಳಿತದ ಕಾನೂನು ವಿಭಾಗದ ಕೆಲವು ಅಧಿಕಾರಿಗಳು ಇದನ್ನು ಒಪ್ಪಿದರು. ಒಪ್ಪಂದದ ಅವಧಿಯಲ್ಲಿ ಸಂಖ್ಯೆಯನ್ನು ಮಾತ್ರವಲ್ಲ, ಅವೇ ಒಕ್ಕಲುಗಳನ್ನು ಉಳಿಸಿಕೊಳ್ಳಬೇಕು ಎಂದು 7ನೇ ಕಲಮಿಗೆ ಅರ್ಥ ಬರೆದರು. 1935ರ ಫೆಬ್ರವರಿಯಲ್ಲಿ ಆ ಅಧಿಕಾರಿಗಳನ್ನೇ ಕೆಲಸದಿಂದ ತೆಗೆದುಹಾಕಲಾಯಿತು.

ಆದರೂ ಈ ಹೋರಾಟ ಪೂರ್ತಿ ವ್ಯರ್ಥವಾಗಲಿಲ್ಲ. 1936ರ ಜನವರಿಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಮೂಲ ಕಾಯಿದೆಯ ಮುಖ್ಯ ಭಾಗವನ್ನು ರದ್ದುಪಡಿಸಿತು. ಅನಂತರ ಬಂದ ಕಾಯಿದೆಗಳಲ್ಲಿ ಗೇಣಿದಾರರಿಗೂ ಪಾಲುಗಾರರಿಗೂ ಅವರ ಭಾಗವನ್ನು ನೇರವಾಗಿ ಕೊಡುವ ಏರ್ಪಾಡು ಬಂದಿತು. ಒಕ್ಕಲುಗಳನ್ನು ಕಡಿಮೆ ಮಾಡಿ ಮಾಲೀಕ ತನ್ನ ಪಾವತಿ ಹೆಚ್ಚಿಸಿಕೊಳ್ಳುವಂತಿಲ್ಲ ಎಂಬ ನಿಬಂಧನೆಯೂ ಸೇರಿತು. ಅಷ್ಟರಲ್ಲಿ ಸರ್ಕಾರದ ಹಣದಿಂದ ಚೇತರಿಸಿಕೊಂಡ ಭೂಮಾಲೀಕರು ಟ್ರಾಕ್ಟರು ಕೊಳ್ಳತೊಡಗಿದ್ದರು. ಮುಂದೆ ಹತ್ತಿ ಬಿಡಿಸುವ ಯಂತ್ರವೂ ಬಂದಿತು. ಪಾಲುಗಾರರು ಪಟ್ಟಣಗಳ ದಾರಿ ಹಿಡಿದರು. ಮಿಚೆಲ್ ಮತ್ತು ಈಸ್ಟ್ ಅಂಗಡಿ ಇಟ್ಟಿದ್ದ ಕಟ್ಟಡದಲ್ಲಿ ಈಗ ಅರ್ಕಾನ್ಸಾ ರಾಜ್ಯ ವಿಶ್ವವಿದ್ಯಾನಿಲಯವು ಗೇಣಿದಾರರ ಚರಿತ್ರೆಯ ವಸ್ತುಸಂಗ್ರಹಾಲಯವನ್ನು ನಡೆಸುತ್ತಿದೆ.

ಈಗಿನ ಸಹಾಯಧನದ ಬಗೆಗಳು

ಇಂದು ಅಮೆರಿಕದ ಒಂದು ಗ್ರಾಮೀಣ ಕೌಂಟಿಗೆ ಬರುವ ಸರ್ಕಾರದ ಕೃಷಿ ಹಣವನ್ನು ಮುಖ್ಯವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

1. ಬೆಲೆ ಮತ್ತು ಆದಾಯದ ನಷ್ಟ ಭರ್ತಿ: ಭತ್ತ, ಗೋಧಿ, ಮುಸುಕಿನ ಜೋಳ, ಸೋಯಾ ಅವರೆ, ಹತ್ತಿ, ಕಡಲೆಕಾಯಿ ಮೊದಲಾದ ಬೆಳೆಗಳಿಗೆ ಕಾಯಿದೆಯೇ ಒಂದು ಆಧಾರ ಬೆಲೆಯನ್ನು ಗೊತ್ತುಮಾಡಿದೆ. ಮಾರುಕಟ್ಟೆ ಬೆಲೆ ಅದಕ್ಕಿಂತ ಕೆಳಗಿಳಿದರೆ ವ್ಯತ್ಯಾಸದ ಲೆಕ್ಕದಲ್ಲಿ ಹಣ ಬರುತ್ತದೆ. ಇದರ ಬದಲು ಕೌಂಟಿಯ ಸರಾಸರಿ ಆದಾಯ ಕುಸಿದಾಗ ಹಣ ಬರುವ ಇನ್ನೊಂದು ಯೋಜನೆಯನ್ನೂ ಆರಿಸಿಕೊಳ್ಳಬಹುದು. ಈ ಎರಡೂ ಯೋಜನೆಗಳು 2014ರ ಕೃಷಿ ಕಾಯಿದೆಯಿಂದ ಬಂದವು. ಹಣ್ಣು, ತರಕಾರಿ ಬೆಳೆಯುವವರಿಗೆ ಇವು ಅನ್ವಯಿಸುವುದಿಲ್ಲ.

2. ಬೆಳೆ ವಿಮೆ: ವಿಮೆಯ ಕಂತಿನಲ್ಲಿ ಸರಾಸರಿ ಶೇಕಡ 60ಕ್ಕೂ ಸ್ವಲ್ಪ ಹೆಚ್ಚು ಭಾಗವನ್ನು ಸರ್ಕಾರ ಭರಿಸುತ್ತದೆ. ಒಬ್ಬ ರೈತನಿಗೆ ಇಷ್ಟೇ ಎಂಬ ಮಿತಿ ಇದಕ್ಕಿಲ್ಲ.

3. ಭೂಸಂರಕ್ಷಣೆ: 1985ರ ಕಾಯಿದೆಯಿಂದ ಬಂದ ಯೋಜನೆಯಂತೆ ಸವಕಳಿಗೆ ತುತ್ತಾಗುವ ಭೂಮಿಯನ್ನು 10ರಿಂದ 15 ವರ್ಷ ಸಾಗುವಳಿ ಮಾಡದೆ ಹುಲ್ಲು ಅಥವಾ ಮರ ಬೆಳೆಸಿದರೆ ಪ್ರತಿ ವರ್ಷ ಬಾಡಿಗೆ ದೊರೆಯುತ್ತದೆ. ಇಡೀ ಕೌಂಟಿಯ ಬೀಜದಂಗಡಿ, ಗೊಬ್ಬರದ ವ್ಯಾಪಾರ, ಕೂಲಿ ಎಲ್ಲವೂ ನಿಂತುಹೋಗಬಾರದೆಂದು ಸಾಮಾನ್ಯವಾಗಿ ಒಂದು ಕೌಂಟಿಯ ಸಾಗುವಳಿ ಭೂಮಿಯಲ್ಲಿ ಶೇಕಡ 25ಕ್ಕಿಂತ ಹೆಚ್ಚನ್ನು ಇದಕ್ಕೆ ಸೇರಿಸುವುದಿಲ್ಲ.

4. ತುರ್ತು ನೆರವು: ಬರ, ನೆರೆ ಅಥವಾ ವ್ಯಾಪಾರದ ಸಂಕಟ ಬಂದಾಗ ಕೊಡುವುದು. 2018ರಲ್ಲಿ ಚೀನಾ ದೇಶದೊಡನೆ ಸುಂಕದ ಜಗಳ ಎದ್ದು ಸೋಯಾ ಅವರೆಯ ರಫ್ತು ಕುಸಿದಾಗ 2018 ಮತ್ತು 2019ರಲ್ಲಿ ಒಟ್ಟು 2,800 ಕೋಟಿ ಡಾಲರುಗಳವರೆಗಿನ ನೆರವನ್ನು ಘೋಷಿಸಲಾಯಿತು. 2019ರಲ್ಲಿ ಪ್ರತಿಯೊಂದು ಕೌಂಟಿಗೂ ಒಂದೊಂದು ದರ ಕಟ್ಟಿದರು. ಅದು ಎಕರೆಗೆ 15 ಡಾಲರಿನಿಂದ 150 ಡಾಲರಿನವರೆಗೆ ಇತ್ತು. ಕೌಂಟಿಯ ಗಡಿರಸ್ತೆಯ ಈಚೆಗೂ ಆಚೆಗೂ ಒಂದೇ ಬೆಳೆ ಬೆಳೆದವರಿಗೆ ಬೇರೆ ಬೇರೆ ಹಣ ಸಿಕ್ಕಿದ್ದುಂಟು.

ಒಂದು ಲೆಕ್ಕ

ಹಣ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ತಿಳಿಯಲು ಭತ್ತದ ಒಂದು ಸರಳ ಲೆಕ್ಕ ನೋಡಬಹುದು. ಇಲ್ಲಿ 'ಮೂಲ ಎಕರೆ' ಎಂಬ ಮಾತನ್ನು ಗಮನಿಸಬೇಕು. ಈ ವರ್ಷ ಏನು ಬಿತ್ತಿದ್ದಾರೆ ಎಂಬುದರ ಮೇಲೆ ಹಣ ನಿಗದಿಯಾಗುವುದಿಲ್ಲ. ಹಿಂದಿನ ವರ್ಷಗಳಲ್ಲಿ ಆ ಜಮೀನಿನಲ್ಲಿ ಯಾವ ಬೆಳೆ ಎಷ್ಟು ಇತ್ತು ಎಂದು ಕೌಂಟಿ ಕಚೇರಿಯ ದಾಖಲೆಯಲ್ಲಿ ಬರೆದಿದೆಯೋ ಅದೇ ಮೂಲ ಎಕರೆ. ಅಂಥ ಎಕರೆಗಳಲ್ಲಿ ಶೇಕಡ 85ಕ್ಕೆ ಪಾವತಿ ಸಿಗುತ್ತದೆ.

2025ರ ಜುಲೈಯಲ್ಲಿ ಬಂದ ಕಾಯಿದೆ ಭತ್ತದ ಆಧಾರ ಬೆಲೆಯನ್ನು ನೂರು ಪೌಂಡಿಗೆ, ಅಂದರೆ ಸುಮಾರು 45 ಕಿಲೋಗ್ರಾಮಿಗೆ, 14 ಡಾಲರಿನಿಂದ 16.90 ಡಾಲರಿಗೆ ಏರಿಸಿತು. ಮಾರುಕಟ್ಟೆ ಬೆಲೆ 13.90 ಡಾಲರು ಎಂದು ಇಟ್ಟುಕೊಳ್ಳೋಣ. ವ್ಯತ್ಯಾಸ 3 ಡಾಲರು. ದಾಖಲೆಯ ಇಳುವರಿ ಎಕರೆಗೆ 60 ನೂರು-ಪೌಂಡು, ಅಂದರೆ ಸುಮಾರು 27 ಕ್ವಿಂಟಾಲು ಎಂದಿಟ್ಟುಕೊಂಡರೆ, ಮೂಲ ಎಕರೆಗೆ ಬರುವ ಹಣ 3 × 60 × 0.85 = 153 ಡಾಲರು.

ಮೂಲ ಎಕರೆ 100 ಇದ್ದವನಿಗೆ: 15,300 ಡಾಲರು.
ಮೂಲ ಎಕರೆ 1,000 ಇದ್ದವನಿಗೆ: 1,53,000 ಡಾಲರು.
ಮೂಲ ಎಕರೆ 3,000 ಇದ್ದವನಿಗೆ: 4,59,000 ಡಾಲರು.

ಒಬ್ಬ ವ್ಯಕ್ತಿಗೆ ವರ್ಷಕ್ಕೆ ಸಲ್ಲುವ ಪಾವತಿಗೆ ಕಾಯಿದೆ ಮಿತಿ ಹಾಕಿದೆ. ಮೊದಲು 1,25,000 ಡಾಲರು ಇದ್ದ ಈ ಮಿತಿ 2025ರ ಕಾಯಿದೆಯಿಂದ 1,55,000 ಡಾಲರಿಗೆ ಏರಿತು. ಮೇಲಿನ ಲೆಕ್ಕದಲ್ಲಿ ಮೂರನೆಯವನಿಗೆ ಈ ಮಿತಿ ತಗುಲುತ್ತದೆ. ಆದರೆ ಅವನು ತನ್ನ ಸೋದರರಿಬ್ಬರನ್ನು ಸೇರಿಸಿಕೊಂಡು ಪಾಲುದಾರಿಕೆಯಲ್ಲಿ ಬೇಸಾಯ ನಡೆಸಿದರೆ ಮಿತಿ ಮೂರು ಪಟ್ಟಾಗಿ 4,65,000 ಡಾಲರಾಗುತ್ತದೆ. ಹಣ ಪೂರ್ತಿ ಸಲ್ಲುತ್ತದೆ. ಪಾಲುದಾರನು ಹೊಲದಲ್ಲಿ ಮೈಬಗ್ಗಿಸಿ ದುಡಿಯಲೇಬೇಕೆಂದಿಲ್ಲ, ಬೇಸಾಯದ ಮೇಲ್ವಿಚಾರಣೆಯಲ್ಲಿ ಪಾಲ್ಗೊಂಡರೂ ಸಾಕು. 2018ರ ಕಾಯಿದೆ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು, ಸೋದರಳಿಯ ಸೋದರಸೊಸೆಯರನ್ನೂ ಕುಟುಂಬದ ಬೇಸಾಯಗಾರರೆಂದು ಎಣಿಸಲು ಅವಕಾಶ ಮಾಡಿಕೊಟ್ಟಿತು.

ಈ ಲೆಕ್ಕದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಇಲ್ಲಿ ಯಾರೂ ಕಾನೂನು ಮೀರಿಲ್ಲ, ಯಾರೂ ಮೋಸ ಮಾಡಿಲ್ಲ. ಎಕರೆಯ ಲೆಕ್ಕದಲ್ಲಿ ಹಣ ಕೊಟ್ಟರೆ ಹೆಚ್ಚು ಎಕರೆ ಇದ್ದವನಿಗೆ ಹೆಚ್ಚು ಹಣ ಹೋಗುವುದು ಸಹಜ.

ಹಣ ಪಡೆಯುವವರು ಯಾರು?

2022ರ ಕೃಷಿ ಗಣತಿಯಂತೆ ಅಮೆರಿಕದಲ್ಲಿ ಸುಮಾರು 19 ಲಕ್ಷ ಹಿಡುವಳಿಗಳಿವೆ. ಸರಾಸರಿ ಹಿಡುವಳಿ 463 ಎಕರೆ. ಆದರೆ ಸರಾಸರಿ ಎಂಬುದು ಮೋಸಗೊಳಿಸುವ ಲೆಕ್ಕ. ವರ್ಷಕ್ಕೆ 10 ಲಕ್ಷ ಡಾಲರಿಗೂ ಹೆಚ್ಚಿನ ಮಾರಾಟ ಮಾಡುವ ಹಿಡುವಳಿಗಳು ನೂರಕ್ಕೆ ಆರರಷ್ಟು ಮಾತ್ರ. ಒಟ್ಟು ಮಾರಾಟದ ಮುಕ್ಕಾಲು ಪಾಲಿಗೂ ಹೆಚ್ಚು ಅವುಗಳಿಂದಲೇ ಬರುತ್ತದೆ.

ಸರ್ಕಾರದ ಹಣ ಯಾರಿಗೆ ಎಷ್ಟು ಹೋಗುತ್ತದೆ ಎಂಬುದನ್ನು ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಎಂಬ ಸಂಸ್ಥೆ ಮಾಹಿತಿ ಹಕ್ಕಿನ ಕಾಯಿದೆಯ ಮೂಲಕ ದಾಖಲೆ ಪಡೆದು ಕೌಂಟಿವಾರು ಪ್ರಕಟಿಸುತ್ತಿದೆ. ಅದರ ಲೆಕ್ಕದಂತೆ 1995ರಿಂದ 2021ರವರೆಗೆ ಬೆಳೆ ಯೋಜನೆಗಳ ಹಣದಲ್ಲಿ ಶೇಕಡ 78ರಷ್ಟು ಮೇಲಿನ ಶೇಕಡ 10 ಮಂದಿಗೆ ಹೋಗಿದೆ. ಈ ಪಟ್ಟಿಗಳು ಮೊದಲು ಹೊರಬಂದಾಗ ಒಂದೇ ಊರಿನವರು ಒಬ್ಬರ ಹಣ ಇನ್ನೊಬ್ಬರು ಎಣಿಸುವಂತಾಯಿತು.

ಪಟ್ಟಿಯಲ್ಲಿ ಕಾಣುವವರನ್ನು ಹೀಗೆ ಗುಂಪು ಮಾಡಬಹುದು.

ದೊಡ್ಡ ಬೇಸಾಯಗಾರರು: ಸ್ವಂತ ಭೂಮಿಯ ಜೊತೆಗೆ ಹತ್ತಾರು ಮಾಲೀಕರ ಭೂಮಿಯನ್ನೂ ಗುತ್ತಿಗೆಗೆ ಹಿಡಿದು ಸಾವಿರಾರು ಎಕರೆ ಮಾಡುವವರು. ಅವರ ವಾದವನ್ನೂ ಕೇಳಬೇಕು. ದೇಶದ ಉತ್ಪಾದನೆಯ ಬಹುಭಾಗ ತಮ್ಮದು; ಯಂತ್ರ, ಗೊಬ್ಬರ, ನೀರಾವರಿಗೆ ಸಾಲ ಮಾಡಿ ಬೆಲೆ ಬಿದ್ದಾಗ ಹೆಚ್ಚು ನಷ್ಟ ತಾಳುವವರೂ ತಾವೇ; ನಷ್ಟಕ್ಕೆ ತಕ್ಕಂತೆ ಭರ್ತಿ ಆಗುವುದು ನ್ಯಾಯ ಎಂದು ಅವರು ಹೇಳುತ್ತಾರೆ.

ಊರಿನಲ್ಲಿಲ್ಲದ ಭೂಮಾಲೀಕರು: 2014ರ ಸಮೀಕ್ಷೆಯಂತೆ ಅಮೆರಿಕದ ಕೃಷಿ ಭೂಮಿಯಲ್ಲಿ ಶೇಕಡ 39ರಷ್ಟು ಗುತ್ತಿಗೆಯಲ್ಲಿದೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಸ್ವತಃ ಬೇಸಾಯ ಮಾಡದವರದು. ಬೆಳೆಯಲ್ಲಿ ಪಾಲು ಪಡೆಯುವ ಮಾಲೀಕನಿಗೆ ಸಹಾಯಧನದಲ್ಲೂ ಪಾಲುಂಟು. ನಗದು ಗುತ್ತಿಗೆಯಾದರೆ ಹಣ ಕಾಗದದ ಮೇಲೆ ಗುತ್ತಿಗೆದಾರನದೇ. ಆದರೆ ಸಹಾಯಧನ ಬರುತ್ತದೆಂದು ತಿಳಿದ ಮಾಲೀಕ ಮುಂದಿನ ವರ್ಷ ಗುತ್ತಿಗೆ ಹಣ ಏರಿಸುತ್ತಾನೆ. ಹೀಗೆ ಒಂದು ಭಾಗ ಸದ್ದಿಲ್ಲದೆ ಮಾಲೀಕನಿಗೆ ದಾಟುತ್ತದೆ, ಭೂಮಿಯ ಬೆಲೆಯೂ ಏರುತ್ತದೆ. ಹೊಸದಾಗಿ ಬೇಸಾಯಕ್ಕೆ ಇಳಿಯುವ ಯುವಕನಿಗೆ ಭೂಮಿ ಕೊಳ್ಳುವುದು ಮತ್ತಷ್ಟು ದೂರವಾಗುತ್ತದೆ.

ಬೇಸಾಯವನ್ನೇ ಬಿಟ್ಟವರು: 2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಟೆಕ್ಸಾಸ್ ರಾಜ್ಯದ ಒಂದು ಸಂಗತಿಯನ್ನು ಬಯಲಿಗೆ ತಂದಿತು. ಹಿಂದೆ ಭತ್ತ ಬೆಳೆಯುತ್ತಿದ್ದ ಭೂಮಿಯನ್ನು ಸೈಟು ಮಾಡಿ ಮಾರಿದ ಮೇಲೂ ದಾಖಲೆಯಲ್ಲಿ ಅದು ಭತ್ತದ ಭೂಮಿಯಾಗಿಯೇ ಉಳಿದಿತ್ತು. ಅಲ್ಲಿ ಮನೆ ಕಟ್ಟಿಕೊಂಡವರಿಗೂ ಭತ್ತದ ಸಹಾಯಧನ ಬರುತ್ತಿತ್ತು. ಬೇಸಾಯ ಮಾಡದವರಿಗೆ 2000ದಿಂದ ಈಚೆಗೆ ಹೀಗೆ ಹೋದ ಹಣ 130 ಕೋಟಿ ಡಾಲರು ಎಂದು ಪತ್ರಿಕೆ ಲೆಕ್ಕ ಹಾಕಿತು. ಬೆಲೆ ಏನೇ ಇರಲಿ ಹಣ ಕೊಡುತ್ತಿದ್ದ ಆ ಯೋಜನೆಯನ್ನು 2014ರಲ್ಲಿ ಕೈಬಿಡಲಾಯಿತು. ಆದರೆ ಮೂಲ ಎಕರೆಯ ಪದ್ಧತಿ ಉಳಿದಿದೆ.

ಸಣ್ಣ ರೈತರು: ತರಕಾರಿ, ಹಣ್ಣು, ಹುಲ್ಲು, ಹತ್ತಿಪ್ಪತ್ತು ದನ ಇಟ್ಟುಕೊಂಡು ಬೇರೆ ನೌಕರಿಯನ್ನೂ ಮಾಡುವವರು. ಇವರ ಭೂಮಿಗೆ ಮೂಲ ಎಕರೆ ಇಲ್ಲವಾದರೆ ಬೆಳೆ ಯೋಜನೆಗಳ ಹಣ ಇವರಿಗಿಲ್ಲ. ಸಂಖ್ಯೆಯಲ್ಲಿ ಹೆಚ್ಚಿರುವವರು ಇವರೇ.

ಕಚೇರಿಯ ಬಾಗಿಲಲ್ಲಿ ನಿಂತವರು

ಕೌಂಟಿ ಮಟ್ಟದಲ್ಲಿ ರೈತರೇ ಆರಿಸಿದ ಸಮಿತಿ ಇರುತ್ತದೆ. ಸದಸ್ಯರ ಅವಧಿ ಮೂರು ವರ್ಷ. ಊರಿನ ಸ್ಥಿತಿ ಬಲ್ಲವರೇ ತೀರ್ಮಾನ ಮಾಡಲಿ ಎಂಬುದು ಇದರ ಒಳ್ಳೆಯ ಉದ್ದೇಶ. ಊರಿನ ಬಲಾಬಲವೂ ಅದರೊಡನೆಯೇ ಸಮಿತಿಯೊಳಗೆ ಬರುತ್ತದೆ ಎಂಬುದು ಇದರ ದೋಷ.

ಇದರ ಪರಿಣಾಮವನ್ನು ಹೆಚ್ಚು ಅನುಭವಿಸಿದವರು ಕಪ್ಪು ವರ್ಣದ ರೈತರು. 1920ರಲ್ಲಿ ಅವರ ಸಂಖ್ಯೆ ಒಂಬತ್ತು ಲಕ್ಷಕ್ಕೂ ಮೀರಿತ್ತು. 2022ರ ಗಣತಿಯಲ್ಲಿ ಅದು 50,000ಕ್ಕೂ ಕಡಿಮೆ. ಬಿತ್ತನೆಯ ಕಾಲಕ್ಕೆ ಕೊಡಬೇಕಾದ ಸಾಲವನ್ನು ಕೌಂಟಿ ಕಚೇರಿಗಳು ತಡಮಾಡಿದವು ಅಥವಾ ಕೊಡಲೇ ಇಲ್ಲ ಎಂದು ಅವರು ನ್ಯಾಯಾಲಯಕ್ಕೆ ಹೋದರು. ಪಿಗ್‌ಫರ್ಡ್ ಮೊಕದ್ದಮೆ ಎಂದು ಹೆಸರಾದ ಇದು 1999ರಲ್ಲಿ ರಾಜಿಯಲ್ಲಿ ಮುಗಿದು, 15,000ಕ್ಕೂ ಹೆಚ್ಚು ಮಂದಿಗೆ ಸುಮಾರು 100 ಕೋಟಿ ಡಾಲರು ಪರಿಹಾರ ದೊರೆಯಿತು. ಉಳಿದವರಿಗಾಗಿ 2010ರಲ್ಲಿ ಮತ್ತೆ 125 ಕೋಟಿ ಡಾಲರುಗಳ ಒಪ್ಪಂದವಾಯಿತು. ಅಷ್ಟು ಹೊತ್ತಿಗೆ ಬಹಳ ಮಂದಿಯ ಭೂಮಿ ಕೈಬಿಟ್ಟು ಹೋಗಿತ್ತು.

ಇವರಲ್ಲಿ ಎಷ್ಟೋ ಕುಟುಂಬಗಳಿಗೆ ಇನ್ನೊಂದು ತೊಡಕಿತ್ತು. ಅಜ್ಜ ಉಯಿಲು ಬರೆಯದೆ ತೀರಿಕೊಂಡಿರುತ್ತಾನೆ. ಭೂಮಿ ಅವನ ಹೆಸರಿನಲ್ಲೇ ಇರುತ್ತದೆ. ಮೊಮ್ಮಕ್ಕಳಲ್ಲಿ ಒಬ್ಬ ಉಳುತ್ತಿರುತ್ತಾನೆ. ಹಕ್ಕುಪತ್ರ ತೋರಿಸಲಾಗದ ಕಾರಣ ಕೌಂಟಿ ಕಚೇರಿಯಲ್ಲಿ ಅವನ ಜಮೀನಿಗೆ ನೋಂದಣಿ ಸಂಖ್ಯೆ ಸಿಗುತ್ತಿರಲಿಲ್ಲ. ಆ ಸಂಖ್ಯೆ ಇಲ್ಲದೆ ಸಾಲ, ಸಹಾಯಧನ, ಬರ ಪರಿಹಾರ ಯಾವುದೂ ಇಲ್ಲ. 2018ರ ಕಾಯಿದೆ ಬೇರೆ ದಾಖಲೆಗಳನ್ನು ತೋರಿಸಿಯೂ ಸಂಖ್ಯೆ ಪಡೆಯಲು ದಾರಿ ಮಾಡಿತು.

ನಮ್ಮ ರೈತರು ಗಮನಿಸಬೇಕಾದುದು

ಅಮೆರಿಕದ ಹಿಡುವಳಿಗೂ ನಮ್ಮ ಹಿಡುವಳಿಗೂ ಹೋಲಿಕೆ ಇಲ್ಲ. ಯೋಜನೆಗಳ ರೀತಿಯೂ ಬೇರೆ. 2019ರಲ್ಲಿ ಪ್ರಾರಂಭವಾದ ಪ್ರಧಾನ ಮಂತ್ರಿ ಕಿಸಾನ್ ಸಮ್ಮಾನ್ ಯೋಜನೆಯಲ್ಲಿ ಭೂಮಿ ಎಷ್ಟೇ ಇರಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ ಎಂದು ಗೊತ್ತುಮಾಡಲಾಯಿತು. ಎಕರೆಯ ಲೆಕ್ಕ ಇಲ್ಲದಿರುವುದರಿಂದ ಒಂದು ಎಕರೆಯವನಿಗೂ ಹತ್ತು ಎಕರೆಯವನಿಗೂ ಒಂದೇ ಮೊತ್ತ. ಈ ಮಟ್ಟಿಗೆ ಸಣ್ಣ ರೈತನಿಗೆ ಇದು ಅನುಕೂಲ.

ಆದರೆ ಒಂದು ವಿಷಯದಲ್ಲಿ ಎರಡು ದೇಶಗಳಿಗೂ ವ್ಯತ್ಯಾಸವಿಲ್ಲ. ಹಣ ಹೋಗುವುದು ದಾಖಲೆಯಲ್ಲಿ ಹೆಸರಿರುವವನಿಗೆ. ಭೂಮಿ ತನ್ನ ಹೆಸರಿನಲ್ಲಿಲ್ಲದೆ ಇನ್ನೊಬ್ಬರ ಹೊಲವನ್ನು ವಾರಕ್ಕೋ ಗುತ್ತಿಗೆಗೋ ಮಾಡುವವನಿಗೆ ಸಮ್ಮಾನ್ ಯೋಜನೆಯ ಹಣ ಇಲ್ಲ. ಕರ್ನಾಟಕದಲ್ಲಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಆಗ 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂ ನ್ಯಾಯಮಂಡಳಿಯ ಮುಂದೆ ಸಾಗುವಳಿ ರುಜುವಾತು ಮಾಡಿದವರು ಒಡೆಯರಾದರು. ಕಾಗದವಿಲ್ಲದವರು ಎಷ್ಟೋ ಮಂದಿ ಹಿಂದುಳಿದರು. ಅನಂತರವೂ ಹಳ್ಳಿಗಳಲ್ಲಿ ಬಾಯಿಮಾತಿನ ಗುತ್ತಿಗೆ ನಡೆಯುತ್ತಲೇ ಇದೆ. ಕಾನೂನು ಒಪ್ಪದ ಕಾರಣ ಅದನ್ನು ಯಾರೂ ಬರೆಯುವುದಿಲ್ಲ. ಬರೆಯದ ಕಾರಣ ಉಳುವವನ ಲೆಕ್ಕ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಆದುದರಿಂದ ರೈತ ಬಾಂಧವರು ಮತ್ತು ವಿಸ್ತರಣಾ ಕಾರ್ಯಕರ್ತರು ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಒಳ್ಳೆಯದು.

1. ತಂದೆ ಅಥವಾ ಅಜ್ಜನ ಹೆಸರಿನಲ್ಲೇ ಉಳಿದಿರುವ ಜಮೀನಿಗೆ ಪೌತಿ ಖಾತೆ ಮಾಡಿಸಿಕೊಳ್ಳಬೇಕು. ಅಣ್ಣತಮ್ಮಂದಿರಲ್ಲಿ ಮಾತು ಚೆನ್ನಾಗಿರುವಾಗಲೇ ಈ ಕೆಲಸ ಮುಗಿಸುವುದು ಸುಲಭ. ಹೆಣ್ಣುಮಕ್ಕಳ ಹಕ್ಕನ್ನೂ ಮರೆಯಬಾರದು.

2. ಪಹಣಿಯ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು ಮತ್ತು ವಿಸ್ತೀರ್ಣ, 12ನೇ ಕಾಲಂನಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ ಇರುತ್ತದೆ. ವರ್ಷಕ್ಕೊಮ್ಮೆಯಾದರೂ ಇವೆರಡನ್ನೂ ಓದಿ ನೋಡಬೇಕು. ರಾಗಿ ಬೆಳೆದವನ ಪಹಣಿಯಲ್ಲಿ ಬೇರೆ ಬೆಳೆ ಇದ್ದರೆ ಖರೀದಿ ಕೇಂದ್ರದಲ್ಲೂ ವಿಮೆಯಲ್ಲೂ ತೊಂದರೆ ತಪ್ಪದು.

3. ಬೆಳೆ ಸಮೀಕ್ಷೆಯ ಕಾಲದಲ್ಲಿ ತನ್ನ ಹೊಲದ ಬೆಳೆ ಸರಿಯಾಗಿ ದಾಖಲಾಗಿದೆಯೇ ಎಂದು ರೈತನೇ ಖಚಿತಪಡಿಸಿಕೊಳ್ಳಬೇಕು. ತಪ್ಪಿದ್ದರೆ ಕಾಲಮಿತಿಯೊಳಗೆ ಆಕ್ಷೇಪಣೆ ಸಲ್ಲಿಸಬೇಕು.

4. ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸುವುದು ಉತ್ತಮ ವಾಡಿಕೆ. ಪಟ್ಟಿ ಬಯಲಿಗೆ ಬಂದ ಮೇಲೆಯೇ ಅಮೆರಿಕದ ಕೌಂಟಿಗಳಲ್ಲೂ ಜನ ಪ್ರಶ್ನೆ ಕೇಳತೊಡಗಿದರು.

5. ವಿಸ್ತರಣಾ ಕಾರ್ಯಕರ್ತರು ಯೋಜನೆಯೊಂದನ್ನು ವಿವರಿಸುವಾಗ ಭೂಮಿ ಇದ್ದವರ ಮನೆಗೆ ಮಾತ್ರ ಹೋಗದೆ, ಊರಿನಲ್ಲಿ ಗುತ್ತಿಗೆಗೆ ಮಾಡುವವರು ಯಾರು, ಅವರಿಗೆ ಯಾವ ಯೋಜನೆ ಅನ್ವಯಿಸುತ್ತದೆ, ಯಾವುದು ಅನ್ವಯಿಸುವುದಿಲ್ಲ ಎಂಬುದನ್ನೂ ತಿಳಿದು ಹೇಳಬೇಕು.

1934ರಲ್ಲಿ ಟೈರಾಂಜದ ಶಾಲಾಮನೆಯಲ್ಲಿ ಸೇರಿದ ಹದಿನೆಂಟು ಮಂದಿ ಸಹಾಯಧನ ಬೇಡ ಎಂದವರಲ್ಲ. ಹತ್ತಿಗೆ ಬೆಲೆ ಬರಬೇಕೆಂಬುದು ಅವರ ಆಸೆಯೂ ಆಗಿತ್ತು. ಹೊಲದಲ್ಲಿ ದುಡಿದವನ ಹೆಸರೂ ಪಾವತಿಯ ಕಾಗದದಲ್ಲಿರಲಿ ಎಂದಷ್ಟೇ ಅವರು ಕೇಳಿದರು. ಯಾವುದೇ ಹೊಸ ಯೋಜನೆ ಊರಿಗೆ ಬಂದಾಗ ಮೊತ್ತ ಎಷ್ಟು ಎಂದು ಕೇಳುವುದರ ಜೊತೆಗೆ, ಅದು ಯಾವ ದಾಖಲೆಯನ್ನು ಹಿಡಿದು, ಯಾರ ಹೆಸರಿಗೆ ಬರುತ್ತದೆ ಎಂದು ಕೇಳಿ ತಿಳಿಯುವುದು ಪ್ರತಿಯೊಬ್ಬ ರೈತನಿಗೂ ಕ್ಷೇಮ.